ದನದ ಕಾವಲಿನಲ್ಲಿ ಉಳಿದ ಕೃಷ್ಣಮೃಗ

ಚಳ್ಳಕೆರೆ ಎಂದೊಡನೆ ನೆನಪಾಗುವುದು ಕಡಲೆಕಾಯಿ, ಎಣ್ಣೆ ಗಿರಣಿ, ಕಂಬಳಿ ಮತ್ತು ಬರಗಾಲ. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ ಮತ್ತು ಅಶೋಕನ ಶಾಸನ. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಪರಿಚಯ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಇಲ್ಲಿನ ಹುಲ್ಲುಗಾವಲಿನಲ್ಲಿ ಶತಮಾನಗಳಿಂದ ಬಾಳಿಕೊಂಡು ಬಂದಿರುವ ಒಂದು ಪ್ರಾಣಿಯ ಹೆಸರು ಮಾತ್ರ ಈ ಪಟ್ಟಿಯಲ್ಲಿ ಸೇರಲೇ ಇಲ್ಲ. ಅದು ಕೃಷ್ಣಮೃಗ.

ಕೃಷ್ಣಮೃಗವನ್ನು ಇಲ್ಲಿ ಉಳಿಸಿದ್ದು ಅಭಯಾರಣ್ಯವಲ್ಲ, ದಟ್ಟ ಕಾಡೂ ಅಲ್ಲ. ಅರಸರು ತಮ್ಮ ದನಗಳಿಗಾಗಿ ಕಾದಿರಿಸಿದ್ದ ಹುಲ್ಲುಗಾವಲು, ಅಂದರೆ ‘ಕಾವಲು’, ಅದನ್ನು ಉಳಿಸಿತು. ದನಕ್ಕೆಂದು ಬಿಟ್ಟ ನೆಲದಲ್ಲಿ ಯಾರೂ ಕರೆಯದೆ ಬಂದು ನೆಲೆಸಿದ ಈ ಪ್ರಾಣಿಯ ಬದುಕು, ಆ ನೆಲ ಕೈತಪ್ಪುತ್ತಿರುವಂತೆ ಇಕ್ಕಟ್ಟಿಗೆ ಸಿಲುಕಿದೆ. ಆ ಬದುಕು ಎಂಥದು, ಅದಕ್ಕೂ ಬಯಲಿಗೂ ಇರುವ ನಂಟೇನು ಎಂಬುದನ್ನು ತಿಳಿಯದೆ ಈ ಇಕ್ಕಟ್ಟು ಅರ್ಥವಾಗುವುದಿಲ್ಲ.

ಜಿಂಕೆಯಲ್ಲದ ಜಿಂಕೆ

ನಮ್ಮ ಹಳ್ಳಿಗಳಲ್ಲಿ ಕೃಷ್ಣಮೃಗವನ್ನು ‘ಜಿಂಕೆ’ ಎಂದೇ ಕರೆಯುತ್ತಾರೆ. ಹಳೆಯ ಕನ್ನಡದಲ್ಲಿ ಎರಳೆ, ಹುಲ್ಲೆ ಎಂಬ ಹೆಸರುಗಳಿವೆ. ಉತ್ತರ ಕರ್ನಾಟಕದವರಿಗೆ ಅದು ‘ಚಿಗರಿ’. ಹುಬ್ಬಳ್ಳಿ-ಧಾರವಾಡದ ನಡುವೆ ವೇಗವಾಗಿ ಓಡುವ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿರುವುದು ಈ ಕಾರಣಕ್ಕೇ.

ಆದರೆ ವಿಜ್ಞಾನದ ಲೆಕ್ಕದಲ್ಲಿ ಕೃಷ್ಣಮೃಗ ಜಿಂಕೆಯಲ್ಲ. ಚುಕ್ಕೆ ಜಿಂಕೆ, ಕಡವೆ, ಶೀತ ದೇಶಗಳ ಎಲ್ಕ್ ಇವೆಲ್ಲ ಒಂದೇ ಜಿಂಕೆ ಕುಟುಂಬದವು. ದಕ್ಷಿಣ ಭಾರತದಲ್ಲಿ ಬೇಟೆಯಾಡುತ್ತಿದ್ದ ಬ್ರಿಟಿಷರು ನಮ್ಮ ಕಡವೆಯನ್ನೇ ‘ಎಲ್ಕ್’ ಎಂದು ಕರೆದದ್ದೂ ಉಂಟು. ಈ ಕುಟುಂಬದ ಗಂಡುಗಳಿಗೆ ಇರುವುದು ಕವಲೊಡೆದ ಕೊಂಬು. ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಎಲುಬಿನ ತಿರುಳಿನ ಮೇಲೆ ಕೊಂಬಿನ ಕವಚ ಹೊತ್ತ ಅದು ಜೀವಮಾನವಿಡೀ ತಲೆಯ ಮೇಲಿರುತ್ತದೆ, ಹಸುವಿನ ಕೊಂಬಿನಂತೆ. ಈ ಹೋಲಿಕೆ ಆಕಸ್ಮಿಕವಲ್ಲ. ಹಸು, ಕುರಿ, ಮೇಕೆಗಳ ಕುಟುಂಬಕ್ಕೇ ಕೃಷ್ಣಮೃಗವೂ ಸೇರಿದೆ. ಕಾವಲಿನಲ್ಲಿ ಮೇಯುವ ದನಕ್ಕೆ ಅದು ದೂರದ ದಾಯಾದಿ ಎನ್ನಲು ಅಡ್ಡಿಯಿಲ್ಲ.

ಇದರ ವೈಜ್ಞಾನಿಕ ಹೆಸರು ‘ಆಂಟಿಲೋಪ್ ಸರ್ವಿಕಾಪ್ರ’. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದನ್ನು ಹೆಸರಿಸಿದ. ಈ ಕುಲದಲ್ಲಿ ಇರುವುದು ಇದೊಂದೇ ಪ್ರಭೇದ. ಅದರಲ್ಲಿ ಎರಡು ಉಪಪ್ರಭೇದಗಳನ್ನು ಗುರುತಿಸಲಾಗಿದೆ. ರಾಜಸ್ಥಾನ, ಪಂಜಾಬ್ ಕಡೆಯ ವಾಯವ್ಯ ಭಾರತದ್ದು ಒಂದು. ದಕ್ಷಿಣ, ಪೂರ್ವ ಮತ್ತು ಮಧ್ಯ ಭಾರತದ್ದು ಇನ್ನೊಂದು. ಚಳ್ಳಕೆರೆಯದು ಎರಡನೆಯ ಬಗೆ.

ಇವೆರಡರ ವ್ಯತ್ಯಾಸ ಸೂಕ್ಷ್ಮವಾದದ್ದು. ವಾಯವ್ಯದ ಗಂಡಿಗೆ ಕಣ್ಣಿನ ಸುತ್ತಲಿನ ಬಿಳಿಯ ಉಂಗುರ ಎಲ್ಲ ಕಡೆಯೂ ಅಗಲ. ಬೆದೆಯ ಕಾಲದಲ್ಲಿ ಅದರ ಮೈಯ ಕಪ್ಪಿನಲ್ಲಿ ಬೂದು ಹೊಳಪು ಕಾಣುತ್ತದೆ. ನಮ್ಮ ಕಡೆಯದಕ್ಕೆ ಉಂಗುರದ ಮೇಲ್ಭಾಗ ಕಿರಿದು. ಕಾಲಿನ ಕಪ್ಪು ಪಟ್ಟೆ ಕೆಳತನಕ ಇಳಿಯುತ್ತದೆ. ದಕ್ಷಿಣದ ಗಂಡುಗಳ ಕೊಂಬು ಸಾಮಾನ್ಯವಾಗಿ ಉತ್ತರದವುಗಳಿಗಿಂತ ಗಿಡ್ಡ. ಬಣ್ಣವೂ ಅಷ್ಟೆ. ಕಾಡಿಗೆಯಂಥ ಕಪ್ಪು ಇಲ್ಲಿ ಅಪರೂಪ, ಗಾಢ ಕಂದೇ ಹೆಚ್ಚು. ಕ್ಯಾಲೆಂಡರಿನಲ್ಲಿ ಕಾಣುವ ಕರಿಯ ಮೃಗವನ್ನು ಹುಡುಕುತ್ತಾ ಬಂದವರಿಗೆ ಇಲ್ಲಿ ನಿರಾಸೆಯಾದೀತು. ಆದರೆ ಇದು ನಮ್ಮ ಬಯಲಿನದೇ ರೂಪ.

ಬಯಲೇ ಮನೆ

ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ವರ್ಷದಲ್ಲಿ ಸರಾಸರಿ 450 ಮಿಲಿಮೀಟರ್ ಆಸುಪಾಸು. ಇಷ್ಟು ಮಳೆಗೆ ದೊಡ್ಡ ಕಾಡು ಬೆಳೆಯುವುದಿಲ್ಲ. ಮುಂಗಾರಿನಲ್ಲಿ ಚಿಗುರಿ, ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುವ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ. ನೋಡುವವರಿಗೆ ಇದು ಬರಡು. ಕೃಷ್ಣಮೃಗಕ್ಕೆ ಇದೇ ಸುಖದ ನೆಲೆ.

ಅದಕ್ಕೆ ಕಾರಣ ಅದರ ಬದುಕುವ ಬಗೆಯಲ್ಲಿದೆ. ಅಡಗಿಕೊಳ್ಳುವುದು ಬೆಳೆದ ಕೃಷ್ಣಮೃಗದ ಉಪಾಯವಲ್ಲ. ದೂರದಿಂದಲೇ ಕಂಡು, ಸಮಯವಿರುವಾಗಲೇ ಓಡುವುದು ಅದರ ಉಪಾಯ. ಕಣ್ಣಿನ ಚುರುಕನ್ನು ನಂಬಿ ಬಾಳುವ ಪ್ರಾಣಿಗೆ ದಟ್ಟ ಗಿಡಗಂಟಿ ಎಂದರೆ ಅಪಾಯ. ಮರೆಯಲ್ಲಿ ಯಾರಿದ್ದಾರೋ ತಿಳಿಯದು. ಬಯಲಾದರೆ ಎಲ್ಲವೂ ಕಣ್ಣಳತೆಯಲ್ಲಿ. ಅದು ಹಗಲಿನಲ್ಲೇ ಹೆಚ್ಚು ಓಡಾಡುತ್ತದೆ. ಬೆಳಗ್ಗೆ, ಸಂಜೆ ಮೇದು, ಬಿಸಿಲೇರಿದಾಗ ಮಲಗಿ ಮೆಲುಕು ಹಾಕುತ್ತದೆ.

ಬೆಳೆದ ಗಂಡಿನ ಭುಜದೆತ್ತರ ಸುಮಾರು 80 ಸೆಂಟಿಮೀಟರ್, ತೂಕ ಸಾಮಾನ್ಯವಾಗಿ 35ರಿಂದ 45 ಕಿಲೋ. ಹೆಚ್ಚು ಕಡಿಮೆ ಒಂದು ದೊಡ್ಡ ಟಗರಿನಷ್ಟು. ಓಟದಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗ ಮುಟ್ಟಬಲ್ಲದು. ಗಾಬರಿಯಾದಾಗ ಹಿಂಡಿನ ಒಂದು ಮೃಗ ನಾಲ್ಕೂ ಕಾಲು ಎತ್ತಿ ಗಾಳಿಯಲ್ಲಿ ಚಿಮ್ಮುತ್ತದೆ. ಅದನ್ನು ಕಂಡು ಇನ್ನೊಂದು, ಮತ್ತೊಂದು. ಸ್ವಲ್ಪ ದೂರ ಹೀಗೆ ಜಿಗಿದು ಆಮೇಲೆ ಇಡೀ ಹಿಂಡು ಓಟ ಕೀಳುತ್ತದೆ.

ಇಷ್ಟೊಂದು ವೇಗ ಏಕೆ ಬೇಕಿತ್ತು ಎಂಬ ಪ್ರಶ್ನೆ ಸಹಜ. ಇಂದು ಬಯಲಿನಲ್ಲಿ ಅದನ್ನು ಬೆನ್ನಟ್ಟುವ ಮುಖ್ಯ ಕಾಡುಪ್ರಾಣಿ ತೋಳ. ಹಿಂದೆ ಚೀತಾ ಇತ್ತು. ಓಟಕ್ಕೆ ಹೆಸರಾದ ಆ ಬೇಟೆಗಾರನಿಂದ ತಪ್ಪಿಸಿಕೊಳ್ಳುತ್ತಲೇ ಕೃಷ್ಣಮೃಗದ ಕಾಲು ಚುರುಕಾಯಿತು ಎಂದು ಹೇಳಲಾಗುತ್ತದೆ. ಚೀತಾಗಳನ್ನು ಪಳಗಿಸಿ ಕೃಷ್ಣಮೃಗದ ಬೇಟೆಗೆ ಬಿಡುವುದು ಅರಸರ ವಿನೋದವಾಗಿತ್ತು. ಮೊಗಲರಲ್ಲಿ ಈ ರೂಢಿಯಿತ್ತು. ಟಿಪ್ಪು ಸುಲ್ತಾನನ ಬಳಿಯೂ ಬೇಟೆಯ ಚೀತಾಗಳಿದ್ದವು. 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಘೋಷಿಸಲಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು. ನಮ್ಮ ಬಯಲಿನಲ್ಲಂತೂ ಬೆನ್ನಟ್ಟುವವನು ಹೋದ ಮೇಲೂ ಓಡುವವನ ವೇಗ ಉಳಿದಿದೆ.

ಗಂಡುಗಳ ಸಂತೆ

ಹುಟ್ಟುವಾಗ ಗಂಡು, ಹೆಣ್ಣು ಎರಡೂ ತಿಳಿ ಕಂದು ಬಣ್ಣದವೇ. ಹೆಣ್ಣು ಕೊನೆಯವರೆಗೂ ಹಾಗೆಯೇ ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಕೊಂಬೂ ಇಲ್ಲ. ಗಂಡಿಗೆ ವಯಸ್ಸು ಏರಿದಂತೆ ಬೆನ್ನು, ಪಕ್ಕೆ, ಮುಖ ಕಪ್ಪೇರುತ್ತವೆ. ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳುಪು ಉಳಿಯುತ್ತದೆ. ಕೊಂಬು ಒಂದರ ಮೇಲೊಂದು ಉಂಗುರ ತೊಟ್ಟು ತಿರುಪಿನಂತೆ ಸುತ್ತಿಕೊಂಡು ಬೆಳೆಯುತ್ತದೆ.

ಹಿಂಡುಗಳಲ್ಲಿಯೂ ವ್ಯವಸ್ಥೆಯಿದೆ. ಹೆಣ್ಣು ಮತ್ತು ಮರಿಗಳದೇ ಒಂದು ಗುಂಪು, ಎಳೆಯ ಗಂಡುಗಳದೇ ಮತ್ತೊಂದು. ಬಲಿತ ಗಂಡು ಗುಂಪು ಬಿಟ್ಟು ತನ್ನದೇ ಜಾಗ ಹಿಡಿಯುತ್ತದೆ. ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ, ಕಣ್ಣಿನ ಬಳಿಯ ಗ್ರಂಥಿಯ ವಾಸನೆಯನ್ನು ಗಿಡದ ಕಡ್ಡಿಗಳಿಗೆ ತಿಕ್ಕಿ ಗಡಿ ಗುರುತಿಸುತ್ತದೆ. ಬೇರೆ ಗಂಡು ಒಳಬಂದರೆ ತಲೆ ಎತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ ಗತ್ತಿನಿಂದ ನಡೆದು ಬೆದರಿಸುತ್ತದೆ. ಬೆದರಿಕೆಗೆ ಬಗ್ಗದಿದ್ದರೆ ಕಾಳಗ.

ಕೆಲವು ಕಡೆ ಇದು ಇನ್ನೂ ವಿಚಿತ್ರ ರೂಪ ತಾಳುತ್ತದೆ. ಹತ್ತಾರು ಗಂಡುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ಪುಟ್ಟ ಪುಟ್ಟ ಜಾಗ ಹಿಡಿದು ನಿಲ್ಲುತ್ತವೆ. ಸಂತೆಯಲ್ಲಿ ಅಂಗಡಿ ಹಾಕಿದಂತೆ! ಹೆಣ್ಣುಗಳು ನಡುವೆ ಸುತ್ತಾಡಿ ತಮಗೆ ಒಪ್ಪಿದ ಗಂಡನ್ನು ಆರಿಸುತ್ತವೆ. ಗುಜರಾತಿನ ವೇಳಾವದರ್ ರಾಷ್ಟ್ರೀಯ ಉದ್ಯಾನದಲ್ಲಿ ಈ ನಡವಳಿಕೆಯನ್ನು ವಿಜ್ಞಾನಿಗಳು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಇಂಥ ಸಂತೆಗೆ ಬೇಕಾದದ್ದು ಮರೆಯಿಲ್ಲದ ವಿಶಾಲ ಬಯಲು ಮತ್ತು ಸಾಕಷ್ಟು ದೊಡ್ಡ ಹಿಂಡು. ಬಯಲು ತುಂಡಾದರೆ ಸಂತೆಯೂ ಮುರಿಯುತ್ತದೆ.

ಹೆಣ್ಣು ಆರು ತಿಂಗಳ ಹತ್ತಿರ ಗರ್ಭ ಹೊತ್ತು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ದಿನ ಮರಿ ಹುಲ್ಲಿನ ಮರೆಯಲ್ಲಿ ಅಲುಗದೆ ಮಲಗಿರುತ್ತದೆ. ತಾಯಿ ಬಂದು ಹಾಲೂಡಿಸಿ ಹೋಗುತ್ತದೆ. ಕೃಷ್ಣಮೃಗ ತನ್ನ ಬದುಕಿನಲ್ಲಿ ಅಡಗಿ ಕೂರುವುದನ್ನೇ ನೆಚ್ಚುವ ಕಾಲ ಇದೊಂದೇ. ಊರಿನ ಬೀದಿನಾಯಿಗಳು ಹಿಂಡುಕಟ್ಟಿ ಬಯಲಿಗೆ ಬಂದಾಗ ಹೆಚ್ಚು ಅಪಾಯ ಈ ಮರಿಗಳಿಗೇ.

ಶಾಸ್ತ್ರದಲ್ಲಿ, ಶಾಸನದಲ್ಲಿ

ನಮ್ಮ ಸಂಸ್ಕೃತಿಯಲ್ಲಿ ಕೃಷ್ಣಮೃಗಕ್ಕೆ ಸಿಕ್ಕ ಸ್ಥಾನ ದೊಡ್ಡದು. ಕೃಷ್ಣಮೃಗ ಸಹಜವಾಗಿ ಸಂಚರಿಸುವ ನಾಡೇ ಯಜ್ಞಕ್ಕೆ ಯೋಗ್ಯವಾದ ನಾಡು ಎಂದು ಮನುಸ್ಮೃತಿ ಹೇಳುತ್ತದೆ. ಅದರ ಚರ್ಮ, ಅಂದರೆ ಕೃಷ್ಣಾಜಿನ, ಉಪನಯನದಲ್ಲಿ ಬಳಕೆಗೆ ಬಂತು. ಕಾಳಿದಾಸನ ಶಾಕುಂತಲ ನಾಟಕ ತೆರೆದುಕೊಳ್ಳುವುದೇ ಈ ಮೃಗದ ಬೆನ್ನಟ್ಟಿ ಬರುವ ದುಷ್ಯಂತನಿಂದ.

ಮೊಳಕಾಲ್ಮೂರು ತಾಲ್ಲೂಕಿನವರಿಗೆ ಇನ್ನೂ ಹತ್ತಿರದ ಸಾಕ್ಷ್ಯವಿದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಗಳ ಮೇಲೆ ಅಶೋಕ ಕೊರೆಸಿದ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಯರ ಸೇವೆ, ಗುರುಹಿರಿಯರಲ್ಲಿ ವಿಧೇಯತೆ, ಸತ್ಯ ನುಡಿಯುವುದು, ಇವುಗಳ ಜೊತೆಗೆ ಪ್ರಾಣಿಗಳಲ್ಲಿ ದಯೆಯನ್ನೂ ಬ್ರಹ್ಮಗಿರಿಯ ಬಂಡೆ ಬೋಧಿಸುತ್ತದೆ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲೂ ಇರುವ ಅಶೋಕನ ಮೊದಲನೆಯ ಬಂಡೆ ಶಾಸನದಲ್ಲಿ ಮತ್ತೊಂದು ಕುತೂಹಲದ ವಿವರವಿದೆ. ಅರಮನೆಯ ಅಡುಗೆಮನೆಗೆ ಹಿಂದೆ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರು. ಈಗ ಎರಡು ನವಿಲು, ಒಂದು ಮೃಗ ಮಾತ್ರ, ಆ ಮೃಗವೂ ನಿತ್ಯವಲ್ಲ. ಮುಂದೆ ಅವನ್ನೂ ಕೊಲ್ಲುವುದಿಲ್ಲ ಎಂದು ಚಕ್ರವರ್ತಿ ಹೇಳಿಕೊಂಡಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತು ಇದು.

ಆದರೆ ಪೂಜ್ಯತೆಯೊಂದೇ ಪ್ರಾಣಿಯನ್ನು ಕಾಯಲಿಲ್ಲ. ಒಂದು ಕಾಲಕ್ಕೆ ದೇಶದ ಬಯಲುಗಳಲ್ಲೆಲ್ಲ ದೊಡ್ಡ ದೊಡ್ಡ ಹಿಂಡುಗಳಲ್ಲಿ ಕಾಣುತ್ತಿದ್ದ ಕೃಷ್ಣಮೃಗ, ಬಂದೂಕು, ಜೀಪು ಮತ್ತು ನೇಗಿಲಿನ ಮುಂದೆ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಲ್ಲಿ ಚದುರಿದ ಗುಂಪುಗಳಾಗಿ ಉಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸೇರಿದ ಮೇಲೆ ಬೇಟೆ ಶಿಕ್ಷಾರ್ಹ ಅಪರಾಧವಾಯಿತು. ಸಂಖ್ಯೆ ನಿಧಾನವಾಗಿ ಚೇತರಿಸಿತು. ಇಂದು ಒಟ್ಟಾರೆ ಪ್ರಭೇದಕ್ಕೆ ಅಳಿವಿನ ಭಯ ಇಲ್ಲವೆಂದು ಅಂತರರಾಷ್ಟ್ರೀಯ ಸಂಸ್ಥೆಗಳು ಪರಿಗಣಿಸಿವೆ. ಕಾಯ್ದೆ ಪ್ರಾಣಿಯನ್ನು ಕಾಯಿತು. ಅದು ನಿಲ್ಲುವ ನೆಲವನ್ನು ಕಾಯಲಿಲ್ಲ.

ಅರಸರ ದನ, ದೇವರ ಎತ್ತು

ಇಲ್ಲಿ ಕಾವಲಿನ ಕಥೆ ಬರುತ್ತದೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಸಾಕಿದ್ದ ಹಸುಗಳ ಹಿಂಡಿನಿಂದ ಈ ಪರಂಪರೆ ಶುರುವಾಯಿತೆನ್ನುತ್ತಾರೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಕಟ್ಟಿ, ನಾಡಿನ ಹಲವೆಡೆ ದನಗಳಿಗಾಗಿ ಹುಲ್ಲುಗಾವಲು ಕಾದಿರಿಸಿದರು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಸೈನ್ಯದ ಫಿರಂಗಿ, ಸಾಮಾನು ಎಳೆಯಲು ಈ ತಳಿಯ ಎತ್ತುಗಳಿಗೆ ಸರಿಸಾಟಿ ಇರಲಿಲ್ಲ. 1799ರ ನಂತರ ಹಿಂಡು ಬ್ರಿಟಿಷರ ಕೈ ಸೇರಿತು. 1860ರಲ್ಲಿ ಖರ್ಚು ಉಳಿಸಲೆಂದು ಅದನ್ನು ಮಾರಿ, ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು.

ಕಾವಲುಗಳಲ್ಲಿ ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆಯಿತ್ತು. ಋತು ಬದಲಾದಂತೆ ದನ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹೀಗಾಗಿ ಪ್ರತಿ ಕಾವಲಿಗೂ ವರ್ಷದಲ್ಲಿ ಕೆಲವು ತಿಂಗಳು ವಿಶ್ರಾಂತಿ. ಮೇದ ಹುಲ್ಲು ಮತ್ತೆ ಚಿಗುರುತ್ತಿತ್ತು, ಉಳುಮೆಗೆ ಅವಕಾಶವಿರಲಿಲ್ಲ. ಗಿಡ್ಡ ಹುಲ್ಲು, ತೆರೆದ ನೆಲ, ನೇಗಿಲಿಲ್ಲದ ನೆಮ್ಮದಿ. ದನಕ್ಕೆ ಬೇಕಾದದ್ದೆಲ್ಲ ಕೃಷ್ಣಮೃಗಕ್ಕೂ ಬೇಕಾದದ್ದೇ.

ಅರಸೊತ್ತಿಗೆ ಹೋದರೂ ಕಾವಲು ಜನರ ಬದುಕಿನಲ್ಲಿ ಉಳಿಯಿತು. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮ್ಯಾಸ ನಾಯಕರು ನೊಗ ಹೂಡದ ‘ದೇವರ ಎತ್ತು’ಗಳ ಹಿಂಡುಗಳನ್ನು ಇಂದಿಗೂ ಸಾಕುತ್ತಾರೆ. ಅವನ್ನು ಕಾಯುವವನು ಕಿಲಾರಿ. ಕಾಡುಗೊಲ್ಲರಿಗೂ, ಕಂಬಳಿ ನೇಯುವ ಕುರುಬರಿಗೂ ಕುರಿ ಮೇಯಿಸಲು ಇದೇ ಬಯಲು ಆಧಾರ. ಬರ ಬಂದ ವರ್ಷ ದೇವರ ಎತ್ತುಗಳಿಗೆ ಮೇವು ಒದಗಿಸಿ, ಗೋಶಾಲೆ ತೆರೆಯಿರಿ ಎಂಬ ಕೂಗು ಇಲ್ಲಿ ಏಳುವುದು ಕಾವಲಿನ ಹುಲ್ಲು ಸಾಲದಾಗಿದೆ ಎಂಬುದರ ಸೂಚನೆಯೇ.

ಬಯಲಿಗೆ ಬಂದ ಗೋಡೆ

2008ರಿಂದ 2010ರ ನಡುವೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಮುಂತಾದ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ಸರ್ಕಾರ ವಿವಿಧ ಸಂಸ್ಥೆಗಳಿಗೆ ನೀಡಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ; ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳಿಗೂ ಪಾಲು ಸಿಕ್ಕಿತು. ಮೇವಿನ ನೆಲ ಕಳೆದುಕೊಂಡ ಹಳ್ಳಿಗರು ಪ್ರತಿಭಟಿಸಿದರು. ವಿವಾದ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕೆಲಸ ಮುಂದುವರಿಯಿತು, ಗೋಡೆಗಳು ಎದ್ದವು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು, ಹೆಲಿಕಾಪ್ಟರಿನಿಂದ ಕೆಳಗೆ ಬಿಟ್ಟ ಇಸ್ರೊದ ಮರುಬಳಕೆಯ ಉಡ್ಡಯನ ವಾಹನ ತಾನಾಗಿಯೇ ಬಂದು ಅಲ್ಲಿನ ಓಡುದಾರಿಯ ಮೇಲೆ ಇಳಿದಾಗ ಚಳ್ಳಕೆರೆಯ ಹೆಸರು ದೇಶವಿಡೀ ಕೇಳಿಸಿತು.

ಈ ಸಾಧನೆ ಹೆಮ್ಮೆಯದೇ. ದೇಶಕ್ಕೆ ಇಂಥ ಕೇಂದ್ರಗಳು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವಿಶಾಲ ನೆಲ ಇಲ್ಲಿ ಸುಲಭವಾಗಿ ಸಿಕ್ಕಿದ್ದಕ್ಕೆ ಅದು ಖಾಲಿ ಬಿದ್ದಿದೆ ಎಂಬ ಭಾವನೆಯೂ ಕಾರಣ. ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ಬಹಳ ಸಲ ‘ಪಾಳು ಭೂಮಿ’ಯ ಲೆಕ್ಕಕ್ಕೇ ಸೇರುತ್ತದೆ. ಅಲ್ಲಿ ದನವಿತ್ತು, ಕುರಿಯಿತ್ತು, ಕೃಷ್ಣಮೃಗವಿತ್ತು. ಮರ ಮಾತ್ರ ಇರಲಿಲ್ಲ.

ಕಾವಲಿರುವ ಆವರಣದೊಳಗೆ ಕೃಷ್ಣಮೃಗ ಬದುಕಲಾರದೇ ಎಂದು ಕೇಳಬಹುದು. ಬದುಕಬಹುದು. ಚೆನ್ನೈನ ಐಐಟಿ ಆವರಣದಲ್ಲಿ ಕೃಷ್ಣಮೃಗಗಳಿವೆ. ಆದರೆ ಗೋಡೆಯೊಳಗೆ ಸಿಕ್ಕ ಸಣ್ಣ ಹಿಂಡಿಗೆ ಹೊರಗಿನ ಹಿಂಡಿನ ಸಂಪರ್ಕ ತಪ್ಪುತ್ತದೆ. ತಲೆಮಾರು ಕಳೆದಂತೆ ರಕ್ತಸಂಬಂಧದೊಳಗೇ ಸಂತಾನ ಬೆಳೆದು ಕಸುವು ಕುಂದುತ್ತದೆ. ಗೋಡೆಯ ಹೊರಗೆ ಉಳಿದದ್ದಕ್ಕೆ ಹೊಲವೇ ಗತಿಯಾಗುತ್ತದೆ.

ಆ ಹೊಲ ಮಳೆಯೊಂದನ್ನೇ ನಂಬಿದ ರೈತನದು. ವರ್ಷಕ್ಕೊಂದೇ ಬೆಳೆ, ಅದೂ ಕಡಲೆಕಾಯಿ. ಚಿಗುರಿದ ಪೈರಿಗೆ ಹಿಂಡು ನುಗ್ಗಿದರೆ ರೈತ ಕೋಪಗೊಳ್ಳುವುದು ನ್ಯಾಯವೇ. ಹುಲ್ಲುಗಾವಲು ಕುಗ್ಗಿದ ನಷ್ಟವನ್ನು ಕೊನೆಗೆ ತುಂಬಿಕೊಡುತ್ತಿರುವವನು ಅವನು.

ಮರ ನೆಟ್ಟರೆ ಸಾಲದು

ಹುಲ್ಲುಗಾವಲಿಗೆ ಒಳ್ಳೆಯದು ಮಾಡಲು ಹೋಗಿ ಕೆಟ್ಟದ್ದು ಮಾಡಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಕ್ಕೆಂದೇ 119 ಚದರ ಕಿಲೋಮೀಟರಿನ ವನ್ಯಧಾಮ ಘೋಷಣೆಯಾಯಿತು. ಆದರೆ ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತ್ತು. ನೀಲಗಿರಿಯ ನೆರಳಿನಲ್ಲಿ ಹುಲ್ಲು ಹುಲುಸಾಗಿ ಬೆಳೆಯದು. ಮೃಗಗಳು ಮೇವಿಗೆ ಹೊರಗಿನ ಹೊಲ ನೋಡಬೇಕಾಯಿತು. ನಮ್ಮ ಬಯಲಿಗೆ ಬಳ್ಳಾರಿ ಜಾಲಿಯ ಕಾಟ. ಇದರಲ್ಲಿ ವಿಪರ್ಯಾಸವೂ ಇದೆ. ಜಾಲಿಯ ಸಿಹಿ ಕಾಯನ್ನು ಕೃಷ್ಣಮೃಗ ಇಷ್ಟಪಟ್ಟು ತಿನ್ನುತ್ತದೆ, ಬೀಜ ಹಿಕ್ಕೆಯೊಡನೆ ಬಯಲಿಗೆಲ್ಲ ಹರಡುತ್ತದೆ. ತನ್ನ ಮನೆಯನ್ನು ಮುಚ್ಚುವ ಮುಳ್ಳನ್ನು ತಾನೇ ಬಿತ್ತಿದಂತೆ!

ಒಳ್ಳೆಯ ಉದಾಹರಣೆಯೂ ನೆರೆಯಲ್ಲೇ ಇದೆ. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಸಾವಿರ ಎಕರೆಯೂ ಇಲ್ಲದ ಆ ತುಣುಕಿನಲ್ಲಿ ದೊಡ್ಡ ಹಿಂಡುಗಳನ್ನು ಇಂದಿಗೂ ನೋಡಬಹುದು. ಮೊಳಕಾಲ್ಮೂರಿಗೆ ದೂರವಲ್ಲದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಲ್ಲಿ ಕೊಂಡುಕುರಿಗೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರಕ್ಕೆ ವನ್ಯಧಾಮಗಳಾದವು. ಗಡಿಯಾಚೆಯ ಆಂಧ್ರಕ್ಕೆ ಕೃಷ್ಣಮೃಗ ರಾಜ್ಯಪ್ರಾಣಿ. ಬಯಲುಸೀಮೆಯ ಪ್ರಾಣಿಗಳಿಗೂ ನೆಲೆ ಬೇಕೆಂಬ ಅರಿವು ಸುತ್ತಮುತ್ತ ನಿಧಾನವಾಗಿ ಮೂಡಿದೆ ಎಂಬುದಕ್ಕೆ ಇವು ಸಾಕ್ಷಿ.

ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಆಗಬೇಕಾದದ್ದು ಹೊಸದೇನಲ್ಲ. ಉಳಿದಿರುವ ಹುಲ್ಲುಗಾವಲನ್ನು ಪಾಳೆಂದು ಬರೆಯದೆ ಹುಲ್ಲುಗಾವಲೆಂದೇ ಬರೆಯಬೇಕು. ಜಾಲಿ ತೆಗೆದು ಹುಲ್ಲಿಗೆ ಜಾಗ ಬಿಡಬೇಕು. ಗೋಡೆಯೊಳಗೆ ಕಟ್ಟಡವಿಲ್ಲದೆ ಉಳಿದ ನೆಲವನ್ನು ಹುಲ್ಲಾಗಿಯೇ ಕಾಪಾಡಬೇಕು. ಬೆಳೆ ಕಳೆದುಕೊಂಡ ರೈತನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಋತುವಿಗೊಂದು ಕಾವಲು ಎಂಬ ಹಳೆಯ ಲೆಕ್ಕವನ್ನು ಕಿಲಾರಿಗಳು, ಕುರಿಗಾಹಿಗಳೊಡನೆ ಕೂತು ಮತ್ತೆ ಹಾಕಬೇಕು. ಮೂರು ಶತಮಾನದ ಹಿಂದೆ ಒಂದು ಅರಸೊತ್ತಿಗೆಗೆ ತನ್ನ ದನಕ್ಕಾಗಿ ಇದು ಸಾಧ್ಯವಾಗಿತ್ತು. ದನಕ್ಕೆ ಹುಲ್ಲು ಉಳಿದ ಕಡೆ ಕೃಷ್ಣಮೃಗ ತಾನಾಗಿಯೇ ಉಳಿಯುತ್ತದೆ. ಅದಕ್ಕೆ ಬೇರೆ ವ್ಯವಸ್ಥೆಯೇನೂ ಬೇಕಾಗಿಲ್ಲ.